ಮನೆಯಂಗಳದ ಕೈತೋಟದಲ್ಲಿ ಕಪ್ಪು ಹೊದಿಕೆಯ ಬಳಕೆ: ಕೆಂಗೇರಿ ಉಪನಗರದ ನಿವಾಸಿಗಳಿಗೆ ಮಾಹಿತಿ

1. ಪೀಠಿಕೆ

ಗಿಡದ ಬುಡದ ಸುತ್ತಲಿನ ಬರಿಯ ಮಣ್ಣನ್ನು ಎಲೆ, ಹುಲ್ಲು, ನಾರು, ಮರದ ಚಕ್ಕೆ, ಕಲ್ಲು ಅಥವಾ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚುವ ಕ್ರಮಕ್ಕೆ ಹೊದಿಕೆ ಅಥವಾ ಮುಚ್ಚಿಗೆ ಎಂದು ಹೆಸರು. ಸಸಿ ಮಾರಾಟಗಾರರಲ್ಲಿ ಇದು ಮಲ್ಚಿಂಗ್ ಎಂಬ ಹೆಸರಿನಿಂದ ಬಳಕೆಯಲ್ಲಿದೆ. ಇತ್ತೀಚಿನ ವರ್ಷಗಳಲ್ಲಿ ಮನೆಯಂಗಳವನ್ನು ಅಂದಗೊಳಿಸುವ ಸಲುವಾಗಿ ಕಪ್ಪು ಬಣ್ಣದ ಹೊದಿಕೆಗೆ ಹೆಚ್ಚಿನ ಬೇಡಿಕೆ ಉಂಟಾಗಿದೆ. ಹಸಿರು ಗಿಡಗಳ ನಡುವೆ ಕಪ್ಪು ನೆಲವು ಎದ್ದು ಕಾಣುವುದೇ ಇದಕ್ಕೆ ಮುಖ್ಯ ಕಾರಣ.

ಆದರೆ ಹೊದಿಕೆಯ ಪ್ರಶ್ನೆಯು ಅಂದಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. 2024ರ ಬೇಸಿಗೆಯಲ್ಲಿ ನಗರದಲ್ಲಿ ತೀವ್ರ ನೀರಿನ ಅಭಾವ ತಲೆದೋರಿದಾಗ, ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಮಾರ್ಚ್ ತಿಂಗಳಲ್ಲಿ ಆದೇಶ ಹೊರಡಿಸಿ, ಕೈತೋಟ, ವಾಹನ ಸ್ವಚ್ಛತೆ, ಕಟ್ಟಡ ನಿರ್ಮಾಣ ಮುಂತಾದ ಉದ್ದೇಶಗಳಿಗೆ ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿತು. ಉಲ್ಲಂಘನೆಗೆ ರೂ. 5,000 ದಂಡ ಹಾಗೂ ಉಲ್ಲಂಘನೆ ಮರುಕಳಿಸಿದಲ್ಲಿ ದಿನವೊಂದಕ್ಕೆ ರೂ. 500ರಂತೆ ಹೆಚ್ಚುವರಿ ದಂಡವನ್ನು ಗೊತ್ತುಪಡಿಸಲಾಗಿತ್ತು. 2025ರ ಫೆಬ್ರವರಿಯಲ್ಲಿ ಮಂಡಳಿಯು ಇದೇ ಸ್ವರೂಪದ ಆದೇಶವನ್ನು ಮತ್ತೆ ಹೊರಡಿಸಿತು. ಬೇಸಿಗೆಯಲ್ಲಿ ಕೈತೋಟವನ್ನು ಕಡಿಮೆ ನೀರಿನಲ್ಲಿ ಉಳಿಸಿಕೊಳ್ಳುವ ವಿಧಾನವನ್ನು ಪ್ರತಿಯೊಂದು ಮನೆಯೂ ತಿಳಿದಿರುವುದು ಇದರಿಂದ ಅಗತ್ಯವಾಗಿದೆ.

ಈ ಮಾಹಿತಿಯ ಸಾರಾಂಶ ಇಷ್ಟು: ನೀರನ್ನು ಉಳಿಸುವುದು ಹೊದಿಕೆಯೇ ಹೊರತು ಅದರ ಕಪ್ಪು ಬಣ್ಣವಲ್ಲ. ಹಣ ಕೊಟ್ಟು ಕೊಳ್ಳುವ ಕಪ್ಪು ಹಾಳೆಗಿಂತ, ಬೀದಿಯ ಮರಗಳಿಂದ ಉದುರಿ ತಾನಾಗಿಯೇ ಕಪ್ಪಾಗುವ ಎಲೆಯು ಈ ಪ್ರದೇಶದ ಬಹುಪಾಲು ಕೈತೋಟಗಳಿಗೆ ಹೆಚ್ಚು ಯೋಗ್ಯವಾದುದು.

2. ಸ್ಥಳೀಯ ಹಿನ್ನೆಲೆ

ಕೆಂಗೇರಿ ಉಪನಗರವು ಬೆಂಗಳೂರು ದಕ್ಷಿಣ ತಾಲ್ಲೂಕಿನ ಕೆಂಗೇರಿ ಹೋಬಳಿಯಲ್ಲಿ, ಮೈಸೂರು ರಸ್ತೆಗೆ ಹೊಂದಿಕೊಂಡಂತೆ, ವೃಷಭಾವತಿ ನದಿಯ ಕಣಿವೆ ಪ್ರದೇಶದಲ್ಲಿದೆ. ಇಲ್ಲಿನ ಸಹಜ ಮಣ್ಣು ಕೆಂಪು ಗೋಡು ಜಾತಿಯದು. ಈ ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆಯಾದರೂ, ಬರಿದಾಗಿ ಬಿಟ್ಟಲ್ಲಿ ಮಳೆಹನಿಯ ಹೊಡೆತಕ್ಕೆ ಮೇಲ್ಪದರವು ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ನಂತರ ಬಿದ್ದ ನೀರು ಒಳಗೆ ಇಳಿಯದೆ ಚರಂಡಿಗೆ ಹರಿಯುತ್ತದೆ. ಮನೆ ಕಟ್ಟುವ ಸಮಯದಲ್ಲಿ ಪಾಯದ ಮಣ್ಣು, ಇಟ್ಟಿಗೆ ಚೂರು ಮತ್ತು ಸಿಮೆಂಟ್ ಪುಡಿ ಬೆರೆತ ನಿವೇಶನಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಬೆಂಗಳೂರಿನಲ್ಲಿ ಹೆಚ್ಚಿನ ಮಳೆಯು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯು ಬಹುತೇಕ ಒಣ ಅವಧಿ. 2016ರ ಏಪ್ರಿಲ್ ತಿಂಗಳಲ್ಲಿ ನಗರದಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು. ಹೊಂಗೆ ಮೊದಲಾದ ಹಲವು ಬೀದಿಮರಗಳು ಎಲೆ ಉದುರಿಸುವುದೂ ಇದೇ ಒಣ ಅವಧಿಯಲ್ಲಿ. ಮಣ್ಣಿಗೆ ಹೊದಿಕೆ ಬೇಕಾದ ಕಾಲಕ್ಕೆ ಸರಿಯಾಗಿ ಹೊದಿಕೆಯ ಸಾಮಗ್ರಿಯು ಮನೆಯ ಬಾಗಿಲಲ್ಲಿಯೇ ಬಂದು ಬೀಳುತ್ತದೆ ಎಂಬುದನ್ನು ಗಮನಿಸತಕ್ಕದ್ದು.

3. ಹೊದಿಕೆಯು ಕೆಲಸ ಮಾಡುವ ಬಗೆ

ಹೊದಿಕೆಯಿಂದ ದೊರೆಯುವ ಪ್ರಯೋಜನಗಳು ನಾಲ್ಕು.

(ಅ) ಬಿಸಿಲು ಮತ್ತು ಗಾಳಿ ನೇರವಾಗಿ ಮಣ್ಣಿಗೆ ತಾಗದಿರುವುದರಿಂದ ತೇವವು ಆವಿಯಾಗುವುದು ತಗ್ಗುತ್ತದೆ.
(ಆ) ಬೆಳಕು ದೊರೆಯದ ಕಾರಣ ಕಳೆಯ ಬೀಜಗಳು ಮೊಳೆತು ಬೆಳೆಯುವುದು ಕಡಿಮೆಯಾಗುತ್ತದೆ.
(ಇ) ಮಳೆಹನಿಯ ಹೊಡೆತ ತಪ್ಪಿ, ಮಣ್ಣು ಹೆಪ್ಪುಗಟ್ಟುವುದಾಗಲಿ ಕೊಚ್ಚಿಹೋಗುವುದಾಗಲಿ ನಿಲ್ಲುತ್ತದೆ.
(ಈ) ಹೊದಿಕೆಯು ಸಾವಯವವಾಗಿದ್ದಲ್ಲಿ ಅದು ಕೊಳೆತು ಮಣ್ಣಿಗೆ ಸೇರಿ, ಎರೆಹುಳು ಮತ್ತು ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ.

ಮೊದಲ ಮೂರು ಪ್ರಯೋಜನಗಳು ಯಾವುದೇ ಬಣ್ಣದ ಹೊದಿಕೆಯಿಂದ ದೊರೆಯಬಲ್ಲವು; ಬೆಳಕನ್ನು ತಡೆಯುವಷ್ಟು ದಪ್ಪ ಅಥವಾ ಒತ್ತಾಗಿದ್ದರೆ ಸಾಕು. ಪ್ಲಾಸ್ಟಿಕ್ ಹಾಳೆಯಲ್ಲಿ ಮಾತ್ರ ಕಪ್ಪು ಬಣ್ಣಕ್ಕೆ ವಿಶೇಷ ಕಾರಣವಿದೆ. ಪಾರದರ್ಶಕ ಹಾಳೆಯ ಕೆಳಗೆ ಬೆಳಕು ತಲುಪಿ ಕಳೆ ಬೆಳೆಯುವುದರಿಂದ, ಬೆಳಕು ತಡೆಯಲೆಂದು ಅದಕ್ಕೆ ಕಪ್ಪು ಇಂಗಾಲವನ್ನು ಬೆರೆಸಲಾಗುತ್ತದೆ. ಈ ಇಂಗಾಲವು ಬಿಸಿಲಿನಿಂದ ಹಾಳೆ ಬೇಗ ಹರಿಯುವುದನ್ನೂ ತಡೆಯುತ್ತದೆ.

ಕಪ್ಪು ಮೇಲ್ಮೈಯು ಬಿಸಿಲಿನ ಬಹುಭಾಗವನ್ನು ಹೀರಿಕೊಂಡು ಕಾಯುತ್ತದೆ. ಚಳಿ ದೇಶಗಳಲ್ಲಿ ವಸಂತಕಾಲದ ತಣ್ಣನೆಯ ಮಣ್ಣನ್ನು ಬೆಚ್ಚಗಾಗಿಸಲು ಈ ಗುಣವನ್ನೇ ಬಯಸಿ ಕಪ್ಪು ಹಾಳೆಯನ್ನು ಹಾಸುತ್ತಾರೆ. ನಮ್ಮಲ್ಲಿ ಮಾರ್ಚ್‌ನಿಂದ ಮೇ ವರೆಗೆ ಅದೇ ಗುಣವು ಎಳೆಯ ಗಿಡಗಳಿಗೆ ತೊಂದರೆಯಾಗಿ ಪರಿಣಮಿಸುತ್ತದೆ. ಕಾದ ಹಾಳೆಗೆ ತಾಗಿದ ಎಳೆಯ ಕಾಂಡವು ಸುಡುತ್ತದೆ. ಮೇಲ್ಪದರದ ಬೇರುಗಳು ಬಾಡುತ್ತವೆ. ಎಲೆ ಅಥವಾ ಹುಲ್ಲಿನ ಹೊದಿಕೆಯಲ್ಲಿ ಪದರಗಳ ನಡುವೆ ಗಾಳಿಯಿರುವುದರಿಂದ ಮೇಲ್ಭಾಗವು ಕಾದರೂ ಕೆಳಗಿನ ಮಣ್ಣು ತಂಪಾಗಿಯೇ ಇರುತ್ತದೆ.

ಹೊದಿಕೆಯು ನಾಡಿಗೆ ಹೊಸದಲ್ಲ. ಮಲೆನಾಡು ಮತ್ತು ಉತ್ತರ ಕನ್ನಡದ ಅಡಿಕೆ ತೋಟಗಳಿಗೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಹಾಗೂ ದರಕು ತಂದು ಹಾಸುವ ಪದ್ಧತಿಯು ತಲೆಮಾರುಗಳಿಂದ ನಡೆದುಬಂದಿದೆ. ಮೈದಾನ ಸೀಮೆಯಲ್ಲಿ ಹೊಂಗೆ ಸೊಪ್ಪನ್ನು ಹೊಲಗದ್ದೆಗಳಿಗೆ ಹಸಿರೆಲೆ ಗೊಬ್ಬರವಾಗಿ ಬಳಸುವುದೂ ರೂಢಿಯಲ್ಲಿದೆ.

4. ಮಾರುಕಟ್ಟೆಯಲ್ಲಿ ದೊರೆಯುವ ಕಪ್ಪು ಹೊದಿಕೆಗಳು ಮತ್ತು ಅವುಗಳ ಯೋಗ್ಯತೆ

(ಅ) ಕಪ್ಪು ಪಾಲಿಥೀನ್ ಹಾಳೆ: ತರಕಾರಿ ಬೆಳೆಗೆ ಸಾಮಾನ್ಯವಾಗಿ 25ರಿಂದ 30 ಮೈಕ್ರಾನ್ ದಪ್ಪದ ಹಾಳೆ ಬಳಕೆಯಲ್ಲಿದೆ. ತೇವ ಉಳಿಸುವಲ್ಲಿ ಹಾಗೂ ಕಳೆ ತಡೆಯುವಲ್ಲಿ ಪರಿಣಾಮಕಾರಿ. ಆದರೆ ಮಳೆನೀರು ಮಣ್ಣಿಗೆ ಇಳಿಯುವುದಿಲ್ಲ. ಮಣ್ಣಿಗೆ ಯಾವುದೇ ಸಾರ ಸೇರುವುದಿಲ್ಲ. ಹರಿದ ಚೂರುಗಳು ಮಣ್ಣಿನಲ್ಲಿ ಉಳಿಯುತ್ತವೆ. ಒಂದು ಬದಿ ಬೆಳ್ಳಿ ಬಣ್ಣ, ಇನ್ನೊಂದು ಬದಿ ಕಪ್ಪು ಇರುವ ಹಾಳೆಯೂ ದೊರೆಯುತ್ತದೆ. ಬೆಳ್ಳಿ ಬದಿಯನ್ನು ಮೇಲೆ ಹಾಸಿದಲ್ಲಿ ಬಿಸಿಲು ಪ್ರತಿಫಲಿಸಿ ಮಣ್ಣು ಅಷ್ಟಾಗಿ ಕಾಯುವುದಿಲ್ಲ.

(ಆ) ಕಪ್ಪು ನೇಯ್ಗೆಯ ಹಾಸು: ಪಾಲಿಪ್ರೊಪಿಲೀನ್ ಎಳೆಗಳಿಂದ ನೇಯ್ದುದು. ನೀರು ನಿಧಾನವಾಗಿ ಒಳಗಿಳಿಯುತ್ತದೆ. ನಡೆದಾಡುವ ದಾರಿ ಮತ್ತು ಕುಂಡಗಳನ್ನು ಇಡುವ ಜಾಗಕ್ಕೆ ಯೋಗ್ಯ. ಬಹುವಾರ್ಷಿಕ ಗಿಡಗಳ ಬುಡಕ್ಕೆ ಹಾಸಿದಲ್ಲಿ ಬೇರುಗಳು ನೇಯ್ಗೆಯೊಳಗೆ ಹೊಕ್ಕು, ಮುಂದೆ ತೆಗೆಯುವುದು ಕಷ್ಟವಾಗುತ್ತದೆ. ನೆರಳುಪರದೆಯು ಇದಕ್ಕಿಂತ ಬೇರೆಯದಾಗಿದ್ದು, ಅದರ ರಂಧ್ರಗಳ ಮೂಲಕ ಬೆಳಕು ಹಾಯುವುದರಿಂದ ಹೊದಿಕೆಯಾಗಿ ಉಪಯೋಗಕ್ಕೆ ಬಾರದು.

(ಇ) ಕಪ್ಪು ಬಣ್ಣ ಹಚ್ಚಿದ ಮರದ ಚಕ್ಕೆ: ಅಂದಕ್ಕಾಗಿ ಹೆಚ್ಚು ಮಾರಾಟವಾಗುವ ವಸ್ತು. ಬಣ್ಣಕ್ಕೆ ಸಾಮಾನ್ಯವಾಗಿ ಇಂಗಾಲ ಅಥವಾ ಕಬ್ಬಿಣದ ಆಕ್ಸೈಡ್ ಬಳಸಲಾಗುತ್ತದೆ. ಇಲ್ಲಿ ವಿಚಾರಿಸಬೇಕಾದುದು ಬಣ್ಣಕ್ಕಿಂತ ಹೆಚ್ಚಾಗಿ ಮರದ ಮೂಲ. ಕೆಡವಿದ ಕಟ್ಟಡದ ಮರ, ಹಳೆಯ ಪೆಟ್ಟಿಗೆ ಮತ್ತು ಪ್ಯಾಲೆಟ್‌ಗಳನ್ನು ಪುಡಿಮಾಡಿ ಬಣ್ಣ ಹಚ್ಚಿದಲ್ಲಿ, ಹಿಂದೆ ಆ ಮರಕ್ಕೆ ಹಾಕಿದ ರಾಸಾಯನಿಕ ಅದರಲ್ಲಿಯೇ ಉಳಿದಿರಬಹುದು. ಗೆದ್ದಲು ತಡೆಯಲು ಕ್ರೋಮಿಯಂ, ತಾಮ್ರ ಮತ್ತು ಆರ್ಸೆನಿಕ್ ಲವಣಗಳನ್ನು ಮರಕ್ಕೆ ಹೀರಿಸುವ ಪದ್ಧತಿ ಬಹುಕಾಲ ಇತ್ತು. ಅಮೆರಿಕದಲ್ಲಿ ವಸತಿ ಬಳಕೆಗಾಗಿ ಇಂತಹ ಮರದ ತಯಾರಿಕೆಯನ್ನು 2003ರ ಅಂತ್ಯಕ್ಕೆ ನಿಲ್ಲಿಸಲಾಯಿತು. ಮೂಲ ತಿಳಿಯದ ಚಕ್ಕೆಯನ್ನು ಸೊಪ್ಪು, ತರಕಾರಿ ಹಾಗೂ ತುಳಸಿ ಬೆಳೆಯುವ ಜಾಗಕ್ಕೆ ಹಾಕಕೂಡದು.

(ಈ) ಕಪ್ಪು ಕಲ್ಲು: ಬಾಳಿಕೆ ಹೆಚ್ಚು. ಆದರೆ ಹಗಲಿನಲ್ಲಿ ಕಾದು ಸಂಜೆಯವರೆಗೆ ಬಿಸಿಯನ್ನು ಹಿಡಿದಿಡುತ್ತದೆ. ಬಿಸಿಲು ಬೀಳದ ನೆರಳಿನ ಮೂಲೆಗೆ ಮಾತ್ರ ಸೂಕ್ತ.

(ಉ) ಸುಟ್ಟ ಭತ್ತದ ಹೊಟ್ಟು: ಕಪ್ಪಾಗಿಯೂ ಹಗುರವಾಗಿಯೂ ಇರುತ್ತದೆ. ಗಾಳಿಗೆ ಹಾರುವುದರಿಂದ ಗೊಬ್ಬರದೊಂದಿಗೆ ಬೆರೆಸಿ, ನೀರು ಚಿಮುಕಿಸಿ ಹಾಕತಕ್ಕದ್ದು.

(ಊ) ಕಳಿತ ತೆಂಗಿನ ನಾರಿನ ಪುಡಿ: ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ. ಹಸಿ ಪುಡಿಯಲ್ಲಿ ಲವಣ ಮತ್ತು ಟ್ಯಾನಿನ್ ಅಂಶ ಹೆಚ್ಚಿರುವುದರಿಂದ ಚೆನ್ನಾಗಿ ತೊಳೆದ ಅಥವಾ ಕಳಿತು ಕಪ್ಪಾದ ಪುಡಿಯನ್ನೇ ಕೊಳ್ಳಬೇಕು. ತೆಂಗಿನ ನಾರು ಮಂಡಳಿಯ ಕೇಂದ್ರೀಯ ತೆಂಗಿನ ನಾರು ತಂತ್ರಜ್ಞಾನ ಸಂಸ್ಥೆಯು ನಗರದ ಪೀಣ್ಯದಲ್ಲಿದೆ.

(ಋ) ಎಲೆಗೊಬ್ಬರ: ಒಣ ಎಲೆಯನ್ನು ತೇವವಾಗಿ ಇಟ್ಟಲ್ಲಿ ಸುಮಾರು ಆರು ತಿಂಗಳಿಂದ ಒಂದು ವರ್ಷದೊಳಗೆ ಕಡುಕಂದು ಅಥವಾ ಕಪ್ಪು ಬಣ್ಣದ, ಮಣ್ಣಿನ ವಾಸನೆಯುಳ್ಳ ಪುಡಿಯಾಗುತ್ತದೆ. ಕಪ್ಪು ನೆಲದ ಅಂದವನ್ನೇ ಬಯಸುವವರು ಒಣ ಎಲೆಯ ಹಾಸಿನ ಮೇಲೆ ಎರಡು ಸೆಂಟಿಮೀಟರ್ ದಪ್ಪಕ್ಕೆ ಇದನ್ನು ಹರಡಿದಲ್ಲಿ ಅದೇ ನೋಟವು ಯಾವ ವೆಚ್ಚವೂ ಇಲ್ಲದೆ ದೊರೆಯುತ್ತದೆ.

5. ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಬಳಸಬಹುದಾದ ಸಂದರ್ಭ

ಟೊಮೆಟೊ, ಬದನೆ, ಮೆಣಸಿನಕಾಯಿ ಮುಂತಾದ ತರಕಾರಿಗಳನ್ನು ಸಾಲಿನಲ್ಲಿ ಬೆಳೆಯುವವರು ಒಂದು ಬೆಳೆಯ ಅವಧಿಗೆ ಹಾಳೆಯನ್ನು ಬಳಸಬಹುದು. ಕ್ರಮವು ಈ ಕೆಳಗಿನಂತಿದೆ.

(1) ಮಣ್ಣನ್ನು ಸಡಿಲಿಸಿ, ಕೊಟ್ಟಿಗೆ ಗೊಬ್ಬರ ಬೆರೆಸಿ, 15 ಸೆಂಟಿಮೀಟರ್ ಎತ್ತರದ ಮಡಿ ಮಾಡುವುದು.
(2) ಹನಿ ನೀರಾವರಿ ಕೊಳವೆಯನ್ನು ಮಡಿಯ ಮೇಲೆ ಮೊದಲೇ ಅಳವಡಿಸಿ, ನೀರು ಹಾಯುವುದನ್ನು ಪರೀಕ್ಷಿಸುವುದು. ಹನಿ ವ್ಯವಸ್ಥೆ ಇಲ್ಲದಿದ್ದಲ್ಲಿ ಹಾಳೆಯನ್ನು ಹಾಸದಿರುವುದು ಉತ್ತಮ.
(3) ಹಾಳೆಯನ್ನು ಸಡಿಲವಿಲ್ಲದೆ ಎಳೆದು, ಅಂಚುಗಳನ್ನು ಮಣ್ಣಿನಲ್ಲಿ ಹೂಳುವುದು.
(4) ಸಸಿಯ ಕಾಂಡಕ್ಕೆ ತಾಗದಷ್ಟು ಅಗಲದ ರಂಧ್ರ ಮಾಡಿ, ಸಂಜೆಯ ವೇಳೆ ಸಸಿ ನೆಡುವುದು.
(5) ಬೆಳೆ ಮುಗಿದ ಕೂಡಲೇ ಹಾಳೆಯನ್ನು ಚೂರಾಗದಂತೆ ತೆಗೆದು, ಮಣ್ಣು ಕೊಡವಿ, ಒಣಕಸದೊಂದಿಗೆ ನೀಡುವುದು.

ಜೇಕಿನ ಹುಲ್ಲು ಇರುವ ಜಾಗದಲ್ಲಿ ತೆಳು ಹಾಳೆಯಿಂದ ಪ್ರಯೋಜನವಿಲ್ಲ. ಅದರ ಮೊನಚಾದ ಮೊಳಕೆಯು ಹಾಳೆಯನ್ನು ತೂರಿ ಮೇಲೆ ಬರುತ್ತದೆ. ಗಡ್ಡೆಸಹಿತ ಅಗೆದು ತೆಗೆಯುವುದೊಂದೇ ದಾರಿ.

ದಾಸವಾಳ, ಮಲ್ಲಿಗೆ, ಕರಿಬೇವು, ನುಗ್ಗೆ, ಸೀಬೆ, ಮಾವು, ತೆಂಗು ಮುಂತಾದ ಬಹುವಾರ್ಷಿಕ ಗಿಡಮರಗಳ ಬುಡಕ್ಕೆ ಹಾಗೂ ಅಂಗಳದ ತೆರೆದ ಮಣ್ಣಿಗೆಲ್ಲ ಪ್ಲಾಸ್ಟಿಕ್ ಹಾಸುವುದು ಸೂಕ್ತವಲ್ಲ. 100 ಚದರ ಅಡಿ ಜಾಗದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದಲ್ಲಿ ಸುಮಾರು 230 ಲೀಟರ್ ನೀರು ಸಂಗ್ರಹವಾಗುತ್ತದೆ. ಎಲೆಯ ಹೊದಿಕೆಯಿದ್ದಲ್ಲಿ ಇದರ ಹೆಚ್ಚಿನ ಭಾಗವು ನೆಲಕ್ಕೆ ಇಳಿಯುತ್ತದೆ. ಹಾಳೆಯಿದ್ದಲ್ಲಿ ಬಹುತೇಕ ಎಲ್ಲವೂ ಚರಂಡಿಯ ಮೂಲಕ ವೃಷಭಾವತಿಯನ್ನು ಸೇರುತ್ತದೆ.

6. ಒಣ ಎಲೆಯ ಹೊದಿಕೆ ಹಾಕುವ ಕ್ರಮ

(1) ಸಂಗ್ರಹಣೆ: ಉದುರಿದ ಒಣ ಎಲೆಯನ್ನು ಗೋಣಿಚೀಲದಲ್ಲಿ ತುಂಬುವುದು. ಪ್ಲಾಸ್ಟಿಕ್, ಗಾಜು, ಸಿಗರೇಟು ತುಂಡುಗಳನ್ನು ಬೇರ್ಪಡಿಸುವುದು. ರೋಗ ತಗುಲಿದ ಗಿಡದ ಎಲೆಯನ್ನು ಬಿಡುವುದು. ಹೂ ಬಿಟ್ಟ ಪಾರ್ಥೇನಿಯಂ ಗಿಡವನ್ನು ಯಾವ ಕಾರಣಕ್ಕೂ ಸೇರಿಸಕೂಡದು. ಅದರ ಬೀಜದಿಂದ ತೋಟವೆಲ್ಲ ಕಳೆಯಾಗುತ್ತದೆ.

(2) ಎಲೆಯ ಆಯ್ಕೆ: ಹೊಂಗೆ ಎಲೆಯು ಬೇಗ ಕಳಿಯುತ್ತದೆ. ಮಾವು ಮತ್ತು ಬಿದಿರಿನ ಎಲೆ ನಿಧಾನವಾಗಿ ಕಳಿಯುವುದರಿಂದ ಹೆಚ್ಚು ದಿನ ಬಾಳುತ್ತದೆ. ಮಳೆಮರ ಮತ್ತು ಗುಲ್‌ಮೊಹರಿನ ಸಣ್ಣ ಎಲೆಗಳು ಒತ್ತಾಗಿ ಕೂರುತ್ತವೆ. ಇವನ್ನು ಒರಟು ಎಲೆಯೊಂದಿಗೆ ಬೆರೆಸುವುದು ಒಳ್ಳೆಯದು. ತೇಗ ಮತ್ತು ಬಾದಾಮಿ ಮರದ ಅಗಲ ಎಲೆಗಳನ್ನು ಮುರಿದು ಹಾಕಬೇಕು. ಇಲ್ಲವಾದಲ್ಲಿ ಹೆಂಚಿನಂತೆ ಕೂತು ನೀರನ್ನು ಹೊರಗೆ ಜಾರಿಸುತ್ತವೆ. ನೀಲಗಿರಿ ಎಲೆಯನ್ನು ಹಸಿಯಾಗಿ ಬಳಸಬಾರದು. ಕತ್ತರಿಸಿದ ಹುಲ್ಲನ್ನು ಒಣಗಿಸಿ ತೆಳುವಾಗಿ ಹರಡಬೇಕು.

(3) ಸಿದ್ಧತೆ: ಕಳೆಯನ್ನು ಬೇರುಸಹಿತ ಕಿತ್ತು, ಮೇಲ್ಮಣ್ಣನ್ನು ಎರಡು ಬೆರಳಿನಷ್ಟು ಸಡಿಲಿಸಿ, ಆಳಕ್ಕೆ ಇಳಿಯುವಂತೆ ನೀರು ಹಾಕುವುದು. ಒಣಗಿದ ಮಣ್ಣಿನ ಮೇಲೆ ಹೊದಿಕೆ ಹಾಕಿದಲ್ಲಿ ಒಣತನವೇ ಉಳಿದುಕೊಳ್ಳುತ್ತದೆ.

(4) ಹರಡುವಿಕೆ: ಕೂತ ಮೇಲೆ 7ರಿಂದ 8 ಸೆಂಟಿಮೀಟರ್ ದಪ್ಪ ಉಳಿಯುವಂತೆ ಹರಡುವುದು. ಗಿಡದ ಕಾಂಡದಿಂದ 8ರಿಂದ 10 ಸೆಂಟಿಮೀಟರ್ ಹಾಗೂ ಮನೆಯ ಗೋಡೆಯಿಂದ 30 ಸೆಂಟಿಮೀಟರ್ ಅಂತರ ಬಿಡುವುದು ಕಡ್ಡಾಯವೆಂದು ಭಾವಿಸತಕ್ಕದ್ದು. ಕಾಂಡಕ್ಕೆ ಒತ್ತಿದ ಒದ್ದೆ ಎಲೆಯಿಂದ ತೊಗಟೆ ಕೊಳೆಯುತ್ತದೆ.

(5) ಭದ್ರಪಡಿಸುವಿಕೆ: ಮೇಲೆ ನೀರು ಚಿಮುಕಿಸಿ, ಒಣ ಕಡ್ಡಿಗಳನ್ನು ಅಡ್ಡಲಾಗಿ ಇಡುವುದು. ತೆಂಗಿನ ಗರಿಯ ತುಂಡುಗಳೂ ಆಗಬಹುದು.

(6) ನೀರುಣಿಸುವಿಕೆ: ದಿನದ ಲೆಕ್ಕದಲ್ಲಿ ನೀರು ಹಾಕದೆ, ಹೊದಿಕೆಯನ್ನು ಸರಿಸಿ ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡುವುದು. ತೇವವಿದ್ದಲ್ಲಿ ಆ ದಿನ ನೀರು ಬೇಡ.

7. ಪ್ರಮಾಣ ಹಾಗೂ ನೀರಿನ ಲೆಕ್ಕ

30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ 100 ಚದರ ಅಡಿ, ಅಂದರೆ ಸುಮಾರು 9.3 ಚದರ ಮೀಟರ್, ಕೈತೋಟವಿದೆ ಎಂದು ಭಾವಿಸಿ ಈ ಉದಾಹರಣೆಯನ್ನು ನೀಡಲಾಗಿದೆ.

ಎಲೆಯ ಪ್ರಮಾಣ: 100 ಚದರ ಅಡಿಗೆ 3 ಅಂಗುಲ ದಪ್ಪವೆಂದರೆ 25 ಘನ ಅಡಿ, ಅಂದರೆ ಸುಮಾರು 700 ಲೀಟರ್ ಗಾತ್ರ. ಸಡಿಲವಾದ ಎಲೆಯು ಕೂತ ಮೇಲೆ ಅರ್ಧ ಅಥವಾ ಮೂರನೆಯ ಒಂದು ಭಾಗಕ್ಕೆ ಇಳಿಯುವುದರಿಂದ, 100 ಲೀಟರ್ ಗಾತ್ರದ ಗೋಣಿಚೀಲಗಳಲ್ಲಿ 14ರಿಂದ 21 ಚೀಲ ಎಲೆ ಬೇಕಾಗುತ್ತದೆ.

ನೀರಿನ ಪ್ರಮಾಣ: ದಿನಕ್ಕೆ 5 ಮಿಲಿಮೀಟರ್‌ನಂತೆ ನೀರು ಹಾಕಿದಲ್ಲಿ ದಿನವೊಂದಕ್ಕೆ ಸುಮಾರು 46 ಲೀಟರ್. ಮಾರ್ಚ್ ಮತ್ತು ಏಪ್ರಿಲ್‌ನ 60 ದಿನಗಳಿಗೆ 2,760 ಲೀಟರ್. ಹೊದಿಕೆಯ ಕಾರಣದಿಂದ ದಿನ ಬಿಟ್ಟು ದಿನ ನೀರು ಸಾಕಾದಲ್ಲಿ 1,380 ಲೀಟರ್. ಉಳಿತಾಯ 1,380 ಲೀಟರ್.

ಹಣದ ಲೆಕ್ಕ: 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು ಖಾಸಗಿ ಟ್ಯಾಂಕರ್‌ಗಳಿಗೆ 5 ಕಿಲೋಮೀಟರ್ ಒಳಗಿನ ಸರಬರಾಜಿಗಾಗಿ 6,000 ಲೀಟರ್‌ಗೆ ರೂ. 600 ದರವನ್ನು ನಿಗದಿಪಡಿಸಿತ್ತು. ಆ ದರದಂತೆ ಲೀಟರ್‌ಗೆ 10 ಪೈಸೆಯಾಗಿ, ಮೇಲಿನ ಉಳಿತಾಯದ ಬೆಲೆ ರೂ. 138 ಮಾತ್ರ. ಹೊದಿಕೆಯ ಲಾಭವನ್ನು ರೂಪಾಯಿಯಲ್ಲಿ ಅಳೆದರೆ ಅದು ಅಲ್ಪವೆನಿಸುವುದು ಸಹಜ. ಆದರೆ ತಲಾ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಮಾನದಂಡದಂತೆ ನೋಡಿದಲ್ಲಿ, ಇದು ಒಬ್ಬ ವ್ಯಕ್ತಿಯ ಹತ್ತು ದಿನಗಳ ಸಕಲ ಬಳಕೆಯ ನೀರು. ಒಂದು ಸಾವಿರ ಮನೆಗಳು ಈ ಕ್ರಮವನ್ನು ಅನುಸರಿಸಿದಲ್ಲಿ ಉಳಿಯುವ ನೀರು 13.8 ಲಕ್ಷ ಲೀಟರ್, ಅಂದರೆ 6,000 ಲೀಟರ್‌ನ 230 ಟ್ಯಾಂಕರ್. ಸುಮಾರು 100 ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರುವ ಕಾವೇರಿ ನೀರನ್ನು ಈ ದೃಷ್ಟಿಯಿಂದ ಎಣಿಸುವುದು ಯುಕ್ತ.

ಮೇಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತಿಳಿಸಲು ಮಾತ್ರ. ಗಿಡದ ಜಾತಿ, ಬಿಸಿಲು ಮತ್ತು ಮಣ್ಣಿಗೆ ಅನುಗುಣವಾಗಿ ಪ್ರಮಾಣವು ಬದಲಾಗುತ್ತದೆ.

8. ತಿಂಗಳುವಾರು ಕೆಲಸಗಳು

ಜನವರಿ – ಫೆಬ್ರವರಿ: ಎಲೆ ಸಂಗ್ರಹಿಸಿ ಒಣ ಜಾಗದಲ್ಲಿ ಇಡುವುದು.
ಫೆಬ್ರವರಿ ಕೊನೆ – ಮಾರ್ಚ್: ಕಳೆ ತೆಗೆದು, ನೀರು ಹಾಕಿ, ಪೂರ್ಣ ದಪ್ಪದ ಹೊದಿಕೆ ಹರಡುವುದು.
ಏಪ್ರಿಲ್ – ಮೇ: ಮುಂಗಾರು ಪೂರ್ವದ ಗಾಳಿಮಳೆಗೆ ಚದುರಿದ ಭಾಗವನ್ನು ಸರಿಪಡಿಸುವುದು, ಕರಗಿದಷ್ಟು ಎಲೆ ಸೇರಿಸುವುದು.
ಜೂನ್ – ಅಕ್ಟೋಬರ್: ಹೊದಿಕೆಯನ್ನು 3ರಿಂದ 5 ಸೆಂಟಿಮೀಟರ್‌ಗೆ ತೆಳುಗೊಳಿಸುವುದು, ನೀರು ನಿಲ್ಲದಂತೆ ನೋಡಿಕೊಳ್ಳುವುದು, ಬಸವನಹುಳುವಿನ ಮೇಲೆ ನಿಗಾ ಇಡುವುದು.
ನವೆಂಬರ್ – ಡಿಸೆಂಬರ್: ಕಳಿತು ಕಪ್ಪಾದ ಭಾಗವನ್ನು ಮಣ್ಣಿಗೆ ಬೆರೆಸುವುದು. ಸೊಪ್ಪಿನ ಬೀಜ ಬಿತ್ತಿದ ಮಡಿಗಳನ್ನು ಸಸಿಯು ಗೇಣುದ್ದ ಬೆಳೆಯುವವರೆಗೆ ಮುಚ್ಚದಿರುವುದು.

9. ಎಚ್ಚರಿಕೆಗಳು

ಸೊಳ್ಳೆ: ಪ್ಲಾಸ್ಟಿಕ್ ಹಾಳೆಯ ಮಡಿಕೆಗಳಲ್ಲಿ ಹಾಗೂ ಎಳನೀರಿನ ಬುರುಡೆಗಳಲ್ಲಿ ನಿಂತ ನೀರು ಡೆಂಗಿ ಹರಡುವ ಸೊಳ್ಳೆಗೆ ಆಶ್ರಯವಾಗುತ್ತದೆ. ರಾಜ್ಯ ಸರ್ಕಾರವು 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ನಗರ ಪ್ರದೇಶದ ಮನೆಗಳಿಗೆ ರೂ. 400 ದಂಡವನ್ನು ಗೊತ್ತುಪಡಿಸಿತು. ಹೊದಿಕೆಗೆ ಬಳಸುವ ಬುರುಡೆಯನ್ನು ಸಣ್ಣ ತುಂಡುಗಳಾಗಿ ಸೀಳಿ, ಕವುಚಿ ಹಾಕತಕ್ಕದ್ದು.

ಗೆದ್ದಲು: ಮರದ ಚಕ್ಕೆ ಮತ್ತು ಒಣ ಎಲೆ ಗೋಡೆಗೆ ತಾಗಿದಲ್ಲಿ ಗೆದ್ದಲು ಮನೆಯ ಬಾಗಿಲುವಾಡದತ್ತ ಸಾಗಲು ದಾರಿಯಾಗುತ್ತದೆ. ಅಂತರ ಬಿಟ್ಟು, ತಿಂಗಳಿಗೊಮ್ಮೆ ಕೆದಕಿ ನೋಡುವುದು.

ಬಸವನಹುಳು: ಆಫ್ರಿಕಾದ ದೈತ್ಯ ಬಸವನಹುಳು ಮಳೆಗಾಲದಲ್ಲಿ ಒದ್ದೆ ಹೊದಿಕೆಯ ಅಡಿಯಲ್ಲಿ ಅಡಗುತ್ತದೆ. ಸಂಜೆಯ ವೇಳೆ ಒದ್ದೆ ಗೋಣಿಚೀಲ ಹಾಗೂ ಪರಂಗಿ ಎಲೆಯನ್ನು ಇಟ್ಟು, ಬೆಳಿಗ್ಗೆ ಅದರಡಿ ಸೇರಿದ ಹುಳುಗಳನ್ನು ಕೈಗವಸು ಧರಿಸಿ ತೆಗೆದು ಉಪ್ಪುನೀರಿಗೆ ಹಾಕುವುದು. ಬರಿಗೈಯಿಂದ ಮುಟ್ಟಬಾರದು, ಅದು ಮನುಷ್ಯರಿಗೆ ರೋಗ ತರುವ ಪರಾವಲಂಬಿ ಹುಳುವನ್ನು ಹೊತ್ತಿರಬಹುದು. ಸೊಪ್ಪುತರಕಾರಿಯನ್ನು ಚೆನ್ನಾಗಿ ತೊಳೆದು ಬಳಸುವುದು.

ಸಾರಜನಕದ ಕೊರತೆ: ಹಸಿ ಮರದ ಚಕ್ಕೆ ಅಥವಾ ಗರಗಸದ ಪುಡಿಯನ್ನು ಮಣ್ಣಿನೊಳಗೆ ಬೆರೆಸಿದಲ್ಲಿ, ಅದು ಕೊಳೆಯಲು ಮಣ್ಣಿನ ಸಾರಜನಕವನ್ನೇ ಬಳಸುವುದರಿಂದ ಗಿಡ ಹಳದಿಯಾಗುತ್ತದೆ. ಮೇಲೆ ಹರಡಬಹುದು, ಒಳಗೆ ಬೆರೆಸಬಾರದು.

ಕೆರೆಯ ಜೊಂಡು ಮತ್ತು ಕೊಳಚೆ ನೀರು: ಕೊಳಚೆ ಸೇರುವ ಕೆರೆ ಮತ್ತು ಕಾಲುವೆಗಳಲ್ಲಿ ಬೆಳೆದ ಅಂತರಗಂಗೆಯು ಭಾರಲೋಹಗಳನ್ನು ಹೀರಿಕೊಂಡಿರುತ್ತದೆ. ಅದನ್ನು ತರಕಾರಿ ಮಡಿಗೆ ಹಾಸಕೂಡದು. ವೃಷಭಾವತಿಯ ನೀರನ್ನು ಶುದ್ಧೀಕರಿಸದೆ ಕೈತೋಟಕ್ಕೆ ಬಳಸಕೂಡದು.

10. ಅನ್ವಯವಾಗುವ ಕಾನೂನುಗಳು

(ಅ) ಎಲೆ ಸುಡುವಿಕೆ: ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ 22ರ ಆದೇಶದಲ್ಲಿ ತೆರೆದ ಜಾಗದಲ್ಲಿ ತ್ಯಾಜ್ಯ ಸುಡುವುದನ್ನು ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ ರೂ. 5,000 ಹಾಗೂ ಬೃಹತ್ ಪ್ರಮಾಣದ ಪ್ರಕರಣಕ್ಕೆ ರೂ. 25,000 ಪರಿಹಾರ ಮೊತ್ತವನ್ನು ನಿಗದಿಪಡಿಸಿತು. ಹೊದಿಕೆ ಹಾಳೆಯನ್ನು ಸುಡುವುದು ಆರೋಗ್ಯಕ್ಕೂ ಅತ್ಯಂತ ಹಾನಿಕರ.

(ಆ) ಮರದ ಕೊಂಬೆ: ಉದುರಿದ ಎಲೆಯನ್ನು ಬಳಸಬಹುದಾದರೂ, ಹೊದಿಕೆಗಾಗಿ ಬೀದಿಮರದ ಕೊಂಬೆಯನ್ನು ತಾವೇ ಕಡಿಯುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ವೃಕ್ಷ ಅಧಿಕಾರಿಯ ಅನುಮತಿ ಪಡೆಯತಕ್ಕದ್ದು.

(ಇ) ಮಳೆನೀರು ಕೊಯ್ಲು: 2009ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಕಾಯ್ದೆಗೆ ತಿದ್ದುಪಡಿ ತಂದು, 40 ಅಡಿ ಅಗಲ 60 ಅಡಿ ಉದ್ದದ ಹಾಗೂ ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹಳೆಯ ಕಟ್ಟಡಗಳಿಗೆ ಮತ್ತು 30 ಅಡಿ ಅಗಲ 40 ಅಡಿ ಉದ್ದದ ಹಾಗೂ ಅದಕ್ಕೆ ಮೇಲ್ಪಟ್ಟ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಲಾಯಿತು. ಸಂಗ್ರಹಿಸಿದ ಮಳೆನೀರು ಮತ್ತು ತರಕಾರಿ ತೊಳೆದ ನೀರನ್ನು ಕೈತೋಟಕ್ಕೆ ಬಳಸುವುದು ಸೂಕ್ತ.

11. ಅರ್ಜಿದಾರರ ಗಮನಕ್ಕೆ

(ಅ) ಸಹಾಯಧನ: ಪ್ಲಾಸ್ಟಿಕ್ ಹೊದಿಕೆಗೆ ತೋಟಗಾರಿಕೆ ಇಲಾಖೆಯ ಮೂಲಕ ದೊರೆಯುವ ಸಹಾಯಧನವು ತೋಟಗಾರಿಕೆ ಬೆಳೆ ಬೆಳೆಯುವ ರೈತರಿಗೆ, ಹೆಕ್ಟೇರ್ ಲೆಕ್ಕದಲ್ಲಿ ನೀಡುವಂತಹುದು. ವಸತಿ ನಿವೇಶನದ ಕೈತೋಟಕ್ಕೆ ಇದು ಅನ್ವಯಿಸುವುದಿಲ್ಲ. ಆದ್ದರಿಂದ ನಿವೇಶನದ ಖಾತಾ ಪ್ರತಿಯನ್ನು ಲಗತ್ತಿಸಿ ಅರ್ಜಿ ಸಲ್ಲಿಸಿ ಸಮಯ ಕಳೆಯಬಾರದಾಗಿ ಕೋರಲಾಗಿದೆ. ಕೆಂಗೇರಿ ಹೋಬಳಿಯಲ್ಲಿ ಪಹಣಿಯುಳ್ಳ ಕೃಷಿ ಜಮೀನು ಹೊಂದಿರುವವರು ಫ್ರೂಟ್ಸ್ ಗುರುತಿನ ಸಂಖ್ಯೆಯೊಂದಿಗೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಬಹುದು.

(ಆ) ಮಣ್ಣು ಪರೀಕ್ಷೆ: ತೋಟದ ನಾಲ್ಕೈದು ಕಡೆ ಇಂಗ್ಲಿಷ್ ‘ವಿ’ ಆಕಾರದಲ್ಲಿ 15 ಸೆಂಟಿಮೀಟರ್ ಆಳಕ್ಕೆ ಅಗೆದು, ಬದಿಯ ಮಣ್ಣನ್ನು ಕೆರೆದು ಒಟ್ಟುಗೂಡಿಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಮಾದರಿಯನ್ನು ಬಟ್ಟೆಯ ಚೀಲದಲ್ಲಿ ಸಿದ್ಧಪಡಿಸುವುದು. ಹೆಸರು, ವಿಳಾಸ, ದಿನಾಂಕ ಹಾಗೂ ಬೆಳೆಯುವ ಗಿಡಗಳ ವಿವರವುಳ್ಳ ಚೀಟಿಯನ್ನು ಇಡತಕ್ಕದ್ದು. ಹೊದಿಕೆ ಮತ್ತು ಗೊಬ್ಬರ ಹಾಕುವ ಮುನ್ನವೇ ಮಾದರಿ ತೆಗೆಯಬೇಕು.

(ಇ) ನೀರಿಗೆ ಸಂಬಂಧಿಸಿದ ದೂರು: ಜಲಮಂಡಳಿಯ ಸಹಾಯವಾಣಿ 1916. ಬೇಸಿಗೆಯಲ್ಲಿ ಜಾರಿಯಲ್ಲಿರುವ ನಿರ್ಬಂಧಗಳನ್ನೂ ಇಲ್ಲಿ ವಿಚಾರಿಸಿ ತಿಳಿಯಬಹುದು. ಮಳೆನೀರು ಕೊಯ್ಲಿನ ಮಾದರಿಗಳನ್ನು ಜಯನಗರದಲ್ಲಿರುವ ಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ವಿಷಯ ಉದ್ಯಾನದಲ್ಲಿ ನೋಡಬಹುದು.

(ಈ) ಕೊಂಬೆ ಸವರುವಿಕೆ ಹಾಗೂ ಎಲೆಕಸ: 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ಅರ್ಜಿದಾರರು ತಮ್ಮ ಬಡಾವಣೆಯು ಸೇರಿರುವ ಪಾಲಿಕೆಯ ವಾರ್ಡ್ ಕಚೇರಿಯನ್ನು ಮೊದಲು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸುವುದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಾಳಿಗೆಯ ಮೇಲಿನ ಕುಂಡಗಳಿಗೆ ಹೊದಿಕೆ ಬೇಕೇ?
ಉತ್ತರ: ಬೇಕು. ಕುಂಡದ ಮಣ್ಣು ನೆಲಕ್ಕಿಂತ ಬೇಗ ಒಣಗುತ್ತದೆ. ಒಣ ಎಲೆ ಅಥವಾ ತೆಂಗಿನ ನಾರನ್ನು 3 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ಸಾಕು. ಕುಂಡದ ಮೇಲೆ ಕಪ್ಪು ಹಾಳೆ ಬೇಡ.

ಪ್ರಶ್ನೆ: ಅಡುಗೆಮನೆಯ ಹಸಿಕಸವನ್ನು ನೇರವಾಗಿ ಹೊದಿಕೆಯಾಗಿ ಹಾಕಬಹುದೇ?
ಉತ್ತರ: ಬಾರದು. ಇಲಿ ಮತ್ತು ನೊಣಗಳನ್ನು ಆಕರ್ಷಿಸುತ್ತದೆ. ಮೊದಲು ಗೊಬ್ಬರವಾಗಿಸಿ, ನಂತರ ಹೊದಿಕೆಯ ಅಡಿಯಲ್ಲಿ ಹಾಕುವುದು.

ಪ್ರಶ್ನೆ: ಕಳೆ ಅತಿಯಾಗಿದೆ. ಪ್ಲಾಸ್ಟಿಕ್ ಇಲ್ಲದೆ ತಡೆಯುವ ಮಾರ್ಗವಿದೆಯೇ?
ಉತ್ತರ: ಟೇಪು ಮತ್ತು ಹೊಳಪು ಲೇಪನವಿಲ್ಲದ ರಟ್ಟಿನ ಹಾಳೆಯನ್ನು ಅಂಚುಗಳು ಒಂದರ ಮೇಲೊಂದು ಬರುವಂತೆ ಹಾಸಿ, ನೆನೆಸಿ, ಮೇಲೆ ಎಲೆ ಹರಡುವುದು. ಕೆಲವು ತಿಂಗಳಲ್ಲಿ ರಟ್ಟು ಕರಗಿ ಮಣ್ಣಿಗೆ ಸೇರುತ್ತದೆ.

ಪ್ರಶ್ನೆ: ಈಗಾಗಲೇ ಅಂಗಳಕ್ಕೆಲ್ಲ ಕಪ್ಪು ಹಾಳೆ ಹಾಸಿ ಕಲ್ಲು ಹರಡಲಾಗಿದೆ. ಏನು ಮಾಡಬೇಕು?
ಉತ್ತರ: ಒಮ್ಮೆಲೇ ತೆಗೆಯುವ ಅಗತ್ಯವಿಲ್ಲ. ಮಳೆಗಾಲಕ್ಕೆ ಮುನ್ನ ಗಿಡಮರಗಳ ಬುಡದ ಸುತ್ತ, ಕೊಂಬೆಗಳು ಹರಡಿರುವಷ್ಟು ವಿಸ್ತಾರದಲ್ಲಿ ಹಾಳೆಯನ್ನು ಕತ್ತರಿಸಿ ತೆಗೆದು ಎಲೆ ಹಾಕುವುದು. ಉಳಿದುದನ್ನು ಹಂತಹಂತವಾಗಿ ತೆಗೆಯಬಹುದು.

13. ಕೊನೆಯ ಸೂಚನೆ

ಕೈತೋಟಕ್ಕೆ ಹೊದಿಕೆ ಕೊಳ್ಳುವ ಮುನ್ನ ಮೂರು ಅಂಶಗಳನ್ನು ಪರಿಶೀಲಿಸುವುದು: ಇದರ ಮೂಲಕ ಮಳೆನೀರು ನೆಲಕ್ಕೆ ಇಳಿಯುವುದೇ, ಇದು ಮುಂದೆ ಮಣ್ಣಾಗುವುದೇ ಅಥವಾ ಕಸವಾಗುವುದೇ, ಹಾಗೂ ಇದೇ ಕೆಲಸವನ್ನು ಬಾಗಿಲ ಮುಂದೆ ಬಿದ್ದಿರುವ ಎಲೆಯು ಮಾಡಬಲ್ಲದೇ. ಗುಡಿಸಿ ಕಸದ ಗಾಡಿಗೆ ಹಾಕುವ ಅಥವಾ ಬೀದಿಯಂಚಿನಲ್ಲಿ ಸುಡುವ ಎಲೆಯೇ ಬೇಸಿಗೆಯ ನೀರನ್ನು ಉಳಿಸುವ ಹೊದಿಕೆಯೂ ಆಗಿದೆ ಎಂಬುದನ್ನು ಉಪನಗರದ ಎಲ್ಲ ನಿವಾಸಿಗಳು ಮನಗಂಡು, ಬರುವ ಎಲೆ ಉದುರುವ ಕಾಲದಿಂದಲೇ ಈ ಕ್ರಮವನ್ನು ಅನುಸರಿಸಿ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.